ಗೋಡೆಯಾಚೆಯ ಅಳು

ನವೆಂಬರ್ 4

ಹದಿನೈದು ಗಂಡಸರು ಒಂದೇ ಮಾತನ್ನು ಒಂದೇ ರೀತಿಯಲ್ಲಿ ಹೇಳಿದರೆ ನಾನಂತೂ ನಂಬುವುದಿಲ್ಲ. ಜಿಲ್ಲೆಯ ಷೆರಿಫ್ ಕೋರ್ಟಿನಲ್ಲಿ ಕೂದಲು ನೆರೆಯುವ ತನಕ ಸ್ಟೆನೋ ಆಗಿದ್ದವಳು ನಾನು. ಸಾಕ್ಷಿಕಟ್ಟೆಯಲ್ಲಿ ನಿಂತವರ ಮಾತನ್ನು ಬರೆದುಕೊಳ್ಳುವುದೇ ನನ್ನ ಕೆಲಸವಾಗಿತ್ತು. ನಿಜ ಹೇಳುವ ಇಬ್ಬರ ಮಾತು ಪೂರ್ತಿ ಹೊಂದುವುದೇ ಇಲ್ಲ. ಕಾರು ನೀಲಿ ಎಂದು ಒಬ್ಬ, ಹಸಿರು ಎಂದು ಇನ್ನೊಬ್ಬ. ಎಲ್ಲರೂ ನೀಲಿ ಎಂದರೆ ಹಿಂದಿನ ದಿನ ಪಬ್ಬಿನಲ್ಲಿ ಕೂತು ಬಾಯಿಪಾಠ ಮಾಡಿ ಬಂದಿದ್ದಾರೆ ಎಂದು ತಿಳಿಯಬೇಕು.

ಫಾರ್ಕರ್‌ಗೆ ಇದನ್ನೇ ಹೇಳಿದೆ. ಅವನು ನಮ್ಮೂರ ಇತಿಹಾಸ ಸಂಘದ ಅಧ್ಯಕ್ಷ, ನಿವೃತ್ತ ಹೆಡ್‌ಮಾಸ್ಟರು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವನು. ಚರ್ಚಿನ ಉತ್ತರದ ಗೋಡೆಯ ಬದಿಗೆ ತನ್ನ ಸಮಾಧಿಯ ಮೇಲೆ ಮಲಗಿರುವ ಕಲ್ಲಿನ ಹೆಂಗಸಿಗೆ, ಕಿಲ್ಮಾರೊ ಒಡತಿ ಮೇರಿಯೋಟಾಳಿಗೆ, ಈ ವಸಂತದಲ್ಲಿ ಹೊಸ ದೀಪ, ಹೊಸ ಫಲಕ ಹಾಕಿಸುತ್ತಾರಂತೆ. ಫಲಕದ ಮೊದಲ ಸಾಲಿನಲ್ಲಿ "ಲೇಡಿ ಅನ್ನಾಬೆಲ್ಲಾಳ ಮಗಳು" ಎಂದಿರಬೇಕೋ "ಮಗಳೆಂದು ಹೇಳಲಾದವಳು" ಎಂದಿರಬೇಕೋ, ಅದನ್ನು ಫೆಬ್ರವರಿಯೊಳಗೆ ತೀರ್ಮಾನಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದಾನೆ.

"ನೀನು ಹೇಗೂ ಯಾರನ್ನೂ ನಂಬೋಳಲ್ಲ. ನೀನೇ ಒಪ್ಪಿಬಿಟ್ರೆ ಆಮೇಲೆ ಊರಲ್ಲಿ ಯಾರೂ ತಕರಾರು ತೆಗೆಯಲ್ಲ," ಅಂದ.

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ. ಗಂಡ ಡೂಗಲ್‌ನನ್ನು ಬಿಟ್ಟು ಹೊರಗೆ ಹೋಗುವ ಹಾಗಿಲ್ಲ, ನನಗೂ ಇಂಥದ್ದೇ ಒಂದು ಬೇಕಿತ್ತು.

ಕಥೆ ಇಷ್ಟು. ಆರು ನೂರು ವರ್ಷದ ಹಿಂದೆ ಕಿಲ್ಮಾರೊ ಭೂಮಿಯೆಲ್ಲ ಅನ್ನಾಬೆಲ್ಲಾಳಿಗೆ ಅಪ್ಪನಿಂದ ಬಂದದ್ದು. ಗಂಡ ಸರ್ ವಾಲ್ಟರ್‌ನದು ಎಂದು ಹೇಳಿಕೊಳ್ಳಲು ಒಂದು ಕುದುರೆ, ಒಂದು ಕತ್ತಿ. ಅವಳು ಹೆತ್ತ ಮೂರನೆಯ ದಿನ ಸತ್ತಳು. ಅದೇ ವಾರ ಗಿರಣಿಯವನ ಹೆಂಡತಿ ಬೆಥಾಕ್ ಕೂಡ ಹೆತ್ತಿದ್ದಳು. ವಾಲ್ಟರ್ ಮುದುಕನಾಗಿ ಸತ್ತ ಮೇಲೆ ಅನ್ನಾಬೆಲ್ಲಾಳ ದಾಯಾದಿ ಎದ್ದು ನಿಂತ: ಅವಳ ಕೂಸು ಆಗಲೇ ಸತ್ತಿತ್ತು, ಈ ಮೇರಿಯೋಟಾ ಗಿರಣಿಯವಳ ಮಗಳು ಎಂದು. ವಿಚಾರಣೆಯಾಯಿತು. ಹೆರಿಗೆಯ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲ. ಭೂಮಿಯ ಒಡತಿ ಹೆರುವಾಗ ಅಕ್ಕಪಕ್ಕದ ಗಂಡಸರು ಗೋಡೆಯಾಚೆ ನಿಂತು ಕಿವಿಗೊಡುವುದು ಆಗಿನ ಪದ್ಧತಿ. ಹಾಗೆ ಹಿಮದಲ್ಲಿ ನಿಂತಿದ್ದ ಹದಿನೈದು ಮಂದಿ ವಿಚಾರಣೆಯ ಹೊತ್ತಿಗೆ ಹಣ್ಣು ಹಣ್ಣು ಮುದುಕರು. ಪ್ರಮಾಣ ಮಾಡಿ ಹೇಳಿದರು: ನಾಲ್ಕು ಗೋಡೆಗಳ ಒಳಗೆ ಮಗು ಅತ್ತದ್ದನ್ನು ಕೇಳಿದೆವು. ದಾಖಲೆಯಲ್ಲಿ ಎಲ್ಲರದೂ ಇದೇ ಪದಗಳು. ಭೂಮಿ ಮೇರಿಯೋಟಾಳಿಗೇ ಉಳಿಯಿತು.

ಮಧ್ಯಾಹ್ನ ಸೂಪು ಕುಡಿಯುತ್ತ ಡೂಗಲ್‌ಗೆ ಇದನ್ನೆಲ್ಲ ಹೇಳಿದೆ. ಸೆಪ್ಟೆಂಬರಿನಲ್ಲಿ ಸಣ್ಣ ಸ್ಟ್ರೋಕ್ ಆದ ಮೇಲೆ ಅವನ ಜೊತೆ ಏನಾದರೂ ಮಾತಾಡುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಅವನು ಚಮಚ ಕೆಳಗಿಟ್ಟ.

"ನಾನೂ ಕೇಳಿಸ್ಕೊಂಡೆ."

"ಏನು ಕೇಳಿಸ್ಕೊಂಡೆ?"

"ನಮ್ಮ ಹುಡುಗಿ ಅತ್ತಿದ್ದು."

ನಲವತ್ತೇಳು ವರ್ಷದಿಂದ ಈ ಮನೆಯಲ್ಲಿ ಯಾರೂ ಆಡದ ಮಾತು. ಆಡಬೇಡ ಎಂದು ನಾನೇ ಹೇಳಿದ್ದೆ. ಅವನ ಬಟ್ಟಲು ಎತ್ತಿಕೊಂಡು ಹೋಗಿ ತೊಳೆಯಲು ಹಾಕಿದೆ. ಅರ್ಧ ಸೂಪು ಅದರಲ್ಲೇ ಇತ್ತು ಎಂದು ಆಮೇಲೆ ಗೊತ್ತಾಯಿತು.

ನವೆಂಬರ್ 5

ಬರೆದುಬಿಟ್ಟರೆ ತಲೆಯಿಂದ ಹೋಗುತ್ತದೆ ಎಂದು ಬರೆಯುತ್ತಿದ್ದೇನೆ. 1978ರ ಮಾರ್ಚ್. ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಯಿತು, ನನಗೆ ಪೂರ್ತಿ ಪ್ರಜ್ಞೆ ತಪ್ಪಿಸಿದ್ದರು. ಎಚ್ಚರವಾದಾಗ ಮಗು ಸತ್ತೇ ಹುಟ್ಟಿತು ಎಂದರು. ತೋರಿಸಲಿಲ್ಲ, ಆಗೆಲ್ಲ ತೋರಿಸುತ್ತಿರಲಿಲ್ಲ. ಆಸ್ಪತ್ರೆಯವರೇ ಎಲ್ಲೋ ಮಣ್ಣು ಮಾಡಿದರು. ಹೆಣ್ಣು ಎಂದಷ್ಟೇ ಗೊತ್ತು. ಡೂಗಲ್ ಬಾಗಿಲಾಚೆ ಕಾರಿಡಾರಿನಲ್ಲಿದ್ದ. ಅವತ್ತು ಸಂಜೆ ನನ್ನ ಮಂಚದ ಪಕ್ಕ ಕೂತು, ಅತ್ತಳು, ನಾನು ಕೇಳಿಸಿಕೊಂಡೆ ಎಂದ. ಆ ಮಹಡಿಯ ತುಂಬ ಕೂಸುಗಳಿದ್ದವು, ಯಾವುದೋ ಒಂದು ಅತ್ತಿರಬೇಕು. ಇನ್ನು ಈ ಮಾತು ಎತ್ತಬೇಡ ಎಂದೆ. ಅವನು ಎತ್ತಲಿಲ್ಲ.

ಆಮೇಲೆ ನಮಗೆ ಮಕ್ಕಳಾಗಲಿಲ್ಲ.

ನವೆಂಬರ್ 12

ಬೆಳಗ್ಗೆ ಡೂಗಲ್‌ಗೆ ಸ್ನಾನ ಮಾಡಿಸಲು ಕೌನ್ಸಿಲಿನಿಂದ ಶೋನಾ ಬರುತ್ತಾಳೆ. ಕೆಲಸ ಚೆನ್ನಾಗಿ ಮಾಡುತ್ತಾಳೆ, ಬಾಯಿ ಮಾತ್ರ ಮುಚ್ಚುವುದಿಲ್ಲ.

"ಮಿಸೆಸ್ ರೆನ್ನಿ, ನಿಮಗೊಬ್ಬಳು ಮಗಳಿದ್ಳಂತೆ. ಇಷ್ಟು ದಿನ ಹೇಳೇ ಇಲ್ವಲ್ಲ ನೀವು."

"ಇರಲಿಲ್ಲ."

"ಅವ್ರು ಹೇಳಿದ್ರು, ಸೋಪು ಹಚ್ಚುವಾಗ. ಒಳ್ಳೆ ಗಂಟಲು ಅವಳದ್ದು ಅಂತಿದ್ರು."

"ಅವನಿಗೆ ಇವತ್ತು ಮಂಗಳವಾರಾನೋ ಬುಧವಾರಾನೋ ಗೊತ್ತಿಲ್ಲ, ಶೋನಾ. ನೀನು ಬೆನ್ನು ಸರಿಯಾಗಿ ಒರೆಸು, ನಿನ್ನೆ ಅಂಗಿ ಎಲ್ಲ ಒದ್ದೆ."

ಅವಳು ಸರಿ ಎಂದು ಟವೆಲು ಮಡಿಸಿದಳು. ದಿನಾ ಕೊಡುವ ಟೀ ಕೊಡಲಿಲ್ಲ ನಾನು. ಸಣ್ಣ ಬುದ್ಧಿ, ಗೊತ್ತು.

ಒಳ್ಳೆಯ ಗಂಟಲು ಎಂದು ಅವನು ನನಗೆ ಯಾವತ್ತೂ ಹೇಳಿರಲಿಲ್ಲ.

ನವೆಂಬರ್ 20

ಶೋನಾ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. ಮಧ್ಯಾಹ್ನದ ತನಕ ಇರುತ್ತೇನೆ, ಹೋಗಿಬನ್ನಿ ಎಂದಳು. ಚರ್ಚಿಗೆ ಹೋಗಿ ಬಂದೆ. ಸಮುದ್ರದ ಮಂಜು ಊರೊಳಗೆ ಬಂದು ಕೂತಿತ್ತು, ಚರ್ಚಿನ ಬಾಗಿಲು ಕೈಗೆ ಸಿಗುವ ತನಕ ಕಾಣಲಿಲ್ಲ. ಫಾರ್ಕರ್ ಆಗಲೇ ಒಳಗೆ ಟಾರ್ಚು ಹಿಡಿದು ಕಾಯುತ್ತಿದ್ದ.

ಮೇರಿಯೋಟಾಳಿಗೆ ಮೂಗಿಲ್ಲ. ಮತಕಲಹದ ಕಾಲದಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದು ಹಾಕಿದ್ದಾರೆ. ಆದರೂ ಮುಖದಲ್ಲಿ ಹಟ ಇದೆ, ಗದ್ದ ಮುಂದೆ ಬಂದಿದೆ. ಗಿರಣಿಯ ಮನೆಯ ಗದ್ದವೋ ಅನ್ನಾಬೆಲ್ಲಾಳ ಕೋಟೆಯ ಗದ್ದವೋ, ಕಲ್ಲು ಕೆತ್ತಿದವನಿಗೇ ಗೊತ್ತು.

ನನ್ನ ವಾದವನ್ನು ಫಾರ್ಕರ್ ಮುಂದೆ ಇಟ್ಟೆ. ಹೆಂಡತಿಯ ಭೂಮಿ ವಾಲ್ಟರ್ ಕೈಯಲ್ಲಿ ಉಳಿಯಬೇಕಾದರೆ ಅವಳ ಮಗು ಬದುಕಿರಬೇಕು. ಮಗು ಸತ್ತಿತು. ಭೂಮಿ ದಾಯಾದಿಗೆ ಹೋಗುತ್ತದೆ. ಅದಕ್ಕೇ ಗಿರಣಿಯವಳ ಕೂಸನ್ನು ತಂದು ತೊಟ್ಟಿಲಿಗೆ ಹಾಕಿದ, ಮುಂದೆ ಯಾರಾದರೂ ಕೇಳಿದರೆ ಹೇಳಲೆಂದು ಒಕ್ಕಲುಗಳಿಗೆ ಸುಳ್ಳು ಕಲಿಸಿಟ್ಟ. ಮುದುಕರು ಬಾಯಿಪಾಠದ ಆ ಒಂದು ಮಾತು ಹೇಳಿದ ಮೇಲೆ, ಇನ್ನೇನಾದರೂ ನೆನಪಿದೆಯೇ ಎಂದು ವಿಚಾರಣೆಯಲ್ಲಿ ಒಬ್ಬೊಬ್ಬರನ್ನೇ ಕೇಳಿದ್ದಾರೆ. ಚಳಿ ಎಂದವರು, ಬಿಯರು ಕೊಟ್ಟರು ಎಂದವರು. ಗಿಲ್‌ಕ್ರಿಸ್ಟ್ ಎನ್ನುವ ಕಮ್ಮಾರ ಮಾತ್ರ ಬೇರೆ ಹೇಳಿದ್ದಾನೆ: ಒಂದೇ ಸಲ ಅತ್ತಿತು, ಆಮೇಲೆ ಅಳಲಿಲ್ಲ. ಪಾಠ ಮರೆತ ಸಾಕ್ಷಿಯ ಬಾಯಲ್ಲೇ ನಿಜ ಬರುವುದು.

"ಆರು ನೂರು ವರ್ಷದಿಂದ ಸತ್ತು ಮಲಗಿರೋಳು. ಅವಳ ಮೇಲೆ ನಿನಗ್ಯಾಕೆ ಇಷ್ಟು ಸಿಟ್ಟು?" ಅಂದ ಫಾರ್ಕರ್.

"ಅವಳ ಮೇಲಲ್ಲ. ಕೇಳದೆ ಇದ್ದದ್ದನ್ನ ಕೇಳಿದೆ ಅಂತ ಹೇಳೋರ ಮೇಲೆ."

"ನಿನಗೆ ಚಳಿ ಆಗ್ತಿದೆ, ನಡಿ," ಎಂದು ಟಾರ್ಚು ಆರಿಸಿದ.

ನವೆಂಬರ್ 30

ಹಿಮ. ಶೋನಾ ಬಸ್ಸು ಬರಲಿಲ್ಲ ಎಂದು ಫೋನು ಮಾಡಿದಳು. ಸ್ನಾನ ನಾನೇ ಮಾಡಿಸಿದೆ, ಇಬ್ಬರೂ ಒದ್ದೆ.

ಡೂಗಲ್ ಸಂಜೆತನಕ ಚಮಚದಿಂದ ಗ್ಲಾಸಿಗೆ ಬಡಿಯುತ್ತ ಕೂತ. ನಿವೃತ್ತನಾಗುವ ತನಕ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಇದ್ದವನು. ರೈಲು ಬರುತ್ತಿದೆ ಎಂದು ಉತ್ತರದ ಕಡೆಯ ಕ್ಯಾಬಿನ್ನಿನವರು ಬಾರಿಸುವ ಗಂಟೆ ಒಂದು, ದಕ್ಷಿಣದ ಕಡೆಯವರದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ದನಿ. ಬೆನ್ನು ತಿರುಗಿಸಿ ಟೀ ಮಾಡುತ್ತಿದ್ದಾಗಲೂ ಯಾವುದು ಹೊಡೆಯಿತು ಎಂದು ತಿಳಿಯಬೇಕು. ತಪ್ಪಿದರೆ ಎರಡು ರೈಲು ಎದುರುಬದುರು.

ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ನಾನು ಬಡಿದೆ. ಮೊದಲು ಗ್ಲಾಸು.

"ಗ್ಲಾಸು," ಎಂದು ಕೂಗಿದ.

ಟೀ ಕಪ್ಪು. "ಕಪ್ಪು. ಬಿರುಕು ಬಿಟ್ಟಿದೆ ಅದು." ಹೌದು, ಬಿರುಕು ಬಿಟ್ಟಿತ್ತು. ಆಮೇಲೆ ಬಾಣಲೆ, ಜಾಮಿನ ಶೀಸೆ, ನನ್ನ ಮದುವೆಯ ಉಂಗುರದಿಂದ ನಲ್ಲಿಯ ಮೇಲೆ. ಒಂದೂ ತಪ್ಪಲಿಲ್ಲ. ಪಕ್ಕದ ಮನೆಯವರ ಹೆಸರು ಕೇಳಿದರೆ ಗೊತ್ತಿಲ್ಲ ಅಂದ.

ಕಿವಿ ಸರಿಯಾಗಿದೆ. ಕಿವಿ ಸರಿಯಾಗಿದೆ ಎಂದರೆ ಕಿವಿ ಸರಿಯಾಗಿದೆ ಎಂದಷ್ಟೇ.

ಡಿಸೆಂಬರ್ 9

ಫಾರ್ಕರ್ ಬಂದ. ಬೇಕರಿಯಿಂದ ಡೂಗಲ್‌ಗೆ ಇಷ್ಟವಾದ ಬ್ರೈಡಿ, ಮಾಂಸ ತುಂಬಿ ಸುಟ್ಟ ಕಡುಬು, ತಂದಿದ್ದ, ಕೋಟಿನ ಒಳಗಿಟ್ಟು ಬಿಸಿ ಉಳಿಸಿಕೊಂಡು. ಡೂಗಲ್ ತಿನ್ನುತ್ತಿರುವಾಗ ನನ್ನ ಕಡೆ ತಿರುಗಿದ. ಮುಖದಲ್ಲಿ ಹೆಡ್‌ಮಾಸ್ಟರ ನಗು, ಶಾಲೆಯಲ್ಲಿದ್ದಾಗಲೂ ಅದನ್ನು ಕಂಡರೆ ನನಗಾಗುತ್ತಿರಲಿಲ್ಲ.

"ಎಡಿನ್‌ಬರದಲ್ಲಿ ನಮ್ಮ ವಕೀಲ ಒಬ್ಬನಿದ್ದಾನಲ್ಲ, ಅವನನ್ನ ಕೇಳಿದೆ. ಹಳೇ ಕಾನೂನು ನೀನು ತಪ್ಪು ತಿಳ್ಕೊಂಡಿದ್ದೀಯ ಗ್ರಿಜೆಲ್. ಮಗು ಬದುಕಬೇಕು ಅಂತ ಎಲ್ಲೂ ಇಲ್ಲ."

"ಮತ್ತೆ?"

"ಹುಟ್ಟಬೇಕು. ಅಳಬೇಕು. ಗೋಡೆ ಆಚೆಗೆ ಕೇಳಿಸಬೇಕು. ಅಷ್ಟೇ. ಆಮೇಲೆ ಅದು ಅರ್ಧ ಗಂಟೆಗೆ ಸತ್ರೂ ಗಂಡ ಇರೋ ತನಕ ಭೂಮಿ ಅವನದೇ."

"ಒಂದೇ ಸಲ ಅತ್ತರೂ?"

"ಒಂದೇ ಸಲ ಅತ್ತರೂ. ಈಗ ಹೇಳು, ನಿನ್ನ ಕಮ್ಮಾರ ಕೇಳಿದ ಅಳು ಒಂದಿದ್ರೆ ವಾಲ್ಟರ್‌ಗೆ ಸಾಕಾಗಿತ್ತು. ಇನ್ನೊಬ್ಬಳ ಕೂಸನ್ನ ತಂದು ಸಾಕೋ ಗ್ರಹಚಾರ ಅವನಿಗೆ ಯಾಕೆ ಬೇಕಿತ್ತು? ಅವನಿಗೆ ಅದರಿಂದ ಏನು ಸಿಕ್ತು?"

ಏನೂ ಸಿಗಲಿಲ್ಲ. ನಾನು ಟೀ ಪಾತ್ರೆಗೆ ಇನ್ನಷ್ಟು ನೀರು ಹಾಕುವ ನೆಪದಲ್ಲಿ ಒಳಗೆ ಹೋದೆ. ನನ್ನ ವಾದ ಪೂರ್ತಿ ಬಿದ್ದುಹೋಗಿದೆ. ಮಗು ಬದುಕಿದರೆ ತಾನೆ ಲೆಕ್ಕ ಎಂದುಕೊಂಡಿದ್ದೆ. ನಮ್ಮ ಕಾಲದವರ ಹಾಗೆ ಯೋಚಿಸಿದೆ. ಅವರಿಗೆ ಬದುಕಬೇಕಾಗಿಯೇ ಇರಲಿಲ್ಲ. ಹೊರಗೆ ನಿಂತವನಿಗೆ ಒಂದು ಸಲ ಕೇಳಿಸಿದರೆ ಸಾಕು, ಹುಟ್ಟಿದಳು ಎಂದು ಊರು ಒಪ್ಪಿಕೊಳ್ಳುತ್ತಿತ್ತು.

ತಿರುಗಿ ಬಂದಾಗ ಡೂಗಲ್ ಅಂಗಿಯ ಮೇಲೆಲ್ಲ ಬ್ರೈಡಿಯ ಪುಡಿ. ಫಾರ್ಕರ್ ಒರೆಸುತ್ತಿದ್ದ.

ಡಿಸೆಂಬರ್ 10

ಫಲಕಕ್ಕಾಗಿ ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿದೆ.

ಡಿಸೆಂಬರ್ 17

ಡೂಗಲ್‌ನನ್ನು ಯಾಕೆ ಕೇಳಲಾರೆ ಎಂದು ನನಗೆ ಗೊತ್ತು. ಅತ್ತಿದ್ದರೆ ಬದುಕಿದ್ದಳು ಎಂದಾಗುತ್ತದೆ. ಬದುಕಿದ್ದರೆ, ನಾನು ನಿದ್ದೆಯಲ್ಲಿದ್ದಾಗ, ಒಂದು ಸಲವೂ ಎತ್ತಿಕೊಳ್ಳದೆ ಇದ್ದಾಗ, ಸತ್ತಳು ಎಂದಾಗುತ್ತದೆ. ಸತ್ತೇ ಹುಟ್ಟಿದಳು ಎಂದರೆ ಯಾರೂ ಯಾರನ್ನೂ ಒಂಟಿಯಾಗಿ ಬಿಟ್ಟಿಲ್ಲ. ಅದನ್ನೇ ಹಿಡಿದುಕೊಂಡು ಇಷ್ಟು ವರ್ಷ ಅಡುಗೆ ಮಾಡಿದ್ದೇನೆ, ಕೋರ್ಟಿಗೆ ಹೋಗಿದ್ದೇನೆ, ರಜಕ್ಕೆ ಸ್ಕೈ ದ್ವೀಪಕ್ಕೆ ಹೋಗಿ ಬಂದಿದ್ದೇನೆ.

ಆದರೆ ಫಾರ್ಕರ್ ಆ ಮಾತು ಹೇಳಿ ಹೋದ ಮೇಲೆ ಇನ್ನೊಂದು ಬದಿಯೂ ಕಾಣುತ್ತಿದೆ. ಒಂದು ಸಲ ಅತ್ತಿದ್ದರೂ ಅವಳು ಇದ್ದಳು. ಬಂದು ಹೋದವಳು ಬೇರೆ, ಬರಲೇ ಇಲ್ಲದವಳು ಬೇರೆ. ನನಗೆ ಮಗಳಿದ್ದಳೋ ಇರಲಿಲ್ಲವೋ ಎಂದು ಹೇಳಬಲ್ಲವನು ಜಗತ್ತಿನಲ್ಲಿ ಒಬ್ಬನೇ. ಅವನು ಈ ವಾರ ತನ್ನ ತಮ್ಮನ ಹೆಸರು ಮರೆತ.

ಕೇಳುವುದಿದ್ದರೆ ಬೇಗ ಕೇಳಬೇಕು. ಕೋರ್ಟಿನಲ್ಲಿ ಕೇಳುವ ಹಾಗೆ, ಬಾಯಿಗೆ ಮಾತು ತುರುಕದೆ. ಎಲ್ಲಿ ನಿಂತಿದ್ದೆ. ಬಾಗಿಲು ಮುಚ್ಚಿತ್ತೇ. ಮೊದಲು ಏನು ಕೇಳಿಸಿತು. ಕ್ರಿಸ್‌ಮಸ್ ಕಳೆಯಲಿ.

ಡಿಸೆಂಬರ್ 28

ಕೇಳಲಿಲ್ಲ. ಅವನಿಗೆ ನೆಗಡಿ.

ಜನವರಿ 1

ಇವತ್ತು ಎಲ್ಲ ಚೆನ್ನಾಗಿತ್ತು. ಹೊಸ ವರ್ಷದಲ್ಲಿ ನಮ್ಮ ಹೊಸ್ತಿಲು ದಾಟುವ ಮೊದಲ ಕಾಲು ತನ್ನದೇ ಆಗಬೇಕು ಎಂದು ಬೆಳಗ್ಗೆಯೇ ಫಾರ್ಕರ್ ಶುಭಕ್ಕೆ ತರುವ ಕಲ್ಲಿದ್ದಲಿನ ತುಂಡು, ವಿಸ್ಕಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಅದೃಷ್ಟ ತರುವವನು ಕರಿ ಕೂದಲಿನವನಾಗಿರಬೇಕಲ್ಲ ಎಂದು ಕೇಳಿದೆ. ಒಂದು ಕಾಲದಲ್ಲಿ ಕರಿಯೇ ಇತ್ತು, ಅದನ್ನ ಬೆಳ್ಳಗೆ ಮಾಡಿದವರು ನಿನ್ನಂಥವರು ಅಂದ. ಡೂಗಲ್ ನಕ್ಕು ನಕ್ಕು ಕೆಮ್ಮಿದ. ಅರ್ಧ ಗ್ಲಾಸು ಕುಡಿದು ಸಿಗ್ನಲ್ ಕ್ಯಾಬಿನ್ನಿನ ಕಥೆಗಳನ್ನು ಹೇಳಿದ, ಹಳಿಯ ಮೇಲೆ ಮಲಗಿದ್ದ ಹೋರಿಯ ಕಥೆಯನ್ನು ಮೊದಲಿಂದ ಕೊನೆಯತನಕ, ಒಂದು ಹೆಸರೂ ತಪ್ಪದೆ. ನನ್ನ ಕೈ ಹಿಡಿದುಕೊಂಡೇ ಕೂತಿದ್ದ.

ಇವತ್ತೇ ಕೇಳಬಹುದಿತ್ತು. ಫಾರ್ಕರ್ ಇದ್ದ. ಅವನು ಹೋದ ಮೇಲೆ ಡೂಗಲ್‌ಗೆ ನಿದ್ದೆ ಬಂದಿತ್ತು, ಅಷ್ಟು ಸಂತೋಷವಾಗಿದ್ದವನನ್ನು ಎಬ್ಬಿಸಿ ಕೇಳಲು ಮನಸ್ಸಾಗಲಿಲ್ಲ. ನಾಳೆ.

ಜನವರಿ 3

ನಿನ್ನೆ ತಿಂಡಿಯ ಹೊತ್ತಿಗೆ ಕಪ್ಪು ಅವನ ಕೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಹೋಯಿತು. ಆಂಬುಲೆನ್ಸು. ಇದು ದೊಡ್ಡದು ಎಂದರು.

ಜನವರಿ 11

ಆಸ್ಪತ್ರೆಗೆ ಹೋಗುವುದು, ಬರುವುದು. ಬಸ್ಸಿನಲ್ಲಿ ಏನೂ ಯೋಚಿಸುವುದಿಲ್ಲ.

ಜನವರಿ 26

ಮನೆಗೆ ಕರೆತಂದು ಮೂರು ದಿನವಾಯಿತು. ಬಲಗೈ ಏಳುವುದಿಲ್ಲ. ಮಾತು ನಿಧಾನ, ಆದರೆ ಇದೆ. ನನ್ನನ್ನು ಗುರುತಿಸುತ್ತಾನೆ. ಶೋನಾಳನ್ನು ತನ್ನ ಅತ್ತಿಗೆಯ ಹೆಸರಿಂದ ಕರೆಯುತ್ತಾನೆ, ಅವಳು ಓ ಎನ್ನುತ್ತಾಳೆ.

ಇವತ್ತು ಕೇಳಿದೆ. ಕುರ್ಚಿ ಅವನ ಎದುರಿಗೆ ಎಳೆದುಕೊಂಡು ಕೂತೆ.

"ಡೂಗಲ್, ಆಸ್ಪತ್ರೆ ಕಾರಿಡಾರಲ್ಲಿ ನೀನು ಎಲ್ಲಿ ನಿಂತಿದ್ದೆ?"

"ಮೊನ್ನೆನಾ?"

"ಮೊನ್ನೆ ಅಲ್ಲ. ತುಂಬಾ ಹಿಂದೆ. ನನಗೆ ಹೆರಿಗೆ ಆದಾಗ."

ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹಣೆಯಲ್ಲಿ ಗೆರೆ ಬಂತು.

"ನಿನಗೆ ಹೆರಿಗೆ ಆಗಿತ್ತಾ?"

ಆಮೇಲೆ ನಾನು ಮಾಡಬಾರದ್ದೆಲ್ಲ ಮಾಡಿದೆ. ಬಾಯಿಗೆ ಮಾತು ತುರುಕಿದೆ. ನೀನು ಬಾಗಿಲ ಹತ್ತಿರ ಇದ್ದೆಯಲ್ಲ, ಅಳು ಕೇಳಿಸಿತಲ್ಲ, ಶೋನಾಗೆ ಹೇಳಿದೆಯಲ್ಲ. ಯಾವ ಜಡ್ಜೂ ಇಂಥ ಪ್ರಶ್ನೆಗೆ ಅವಕಾಶ ಕೊಡುತ್ತಿರಲಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತ, ನನಗೆ ಏನು ಬೇಕೋ ಅದನ್ನು ಹುಡುಕಿ ಕೊಡಲು ಒದ್ದಾಡಿದ. ಸಿಗಲಿಲ್ಲ. "ಕ್ಷಮಿಸು ಗ್ರಿಜಿ," ಅಂದ. ಏನಕ್ಕೆ ಕ್ಷಮಿಸಬೇಕು ಎಂದು ಅವನಿಗೆ ಗೊತ್ತಿರಲಿಲ್ಲ.

ಹೋಯಿತು. ನವೆಂಬರಿನಲ್ಲಿ ಅವನೇ ಹೇಳಲು ಬಂದ. ನಾನು ಸೂಪಿನ ಬಟ್ಟಲು ಎತ್ತಿಕೊಂಡು ಹೋದೆ.

ಫೆಬ್ರವರಿ 8

ಫಾರ್ಕರ್ ಫೋನು ಮಾಡಿ ಫಲಕದ ಮಾತೆತ್ತದೆ ಬೇರೆಯದೆಲ್ಲ ಮಾತಾಡಿದ. ನಾನೇ ಹೇಳಿದೆ, ಈ ತಿಂಗಳೊಳಗೆ ಕೊಡುತ್ತೇನೆ ಎಂದು.

ವಾಲ್ಟರ್‌ಗೆ ಏನೂ ಸಿಗುತ್ತಿರಲಿಲ್ಲ ಎನ್ನುವುದೇ ತಲೆಯಲ್ಲಿ ತಿರುಗುತ್ತಿದೆ. ಕಮ್ಮಾರ ಸುಳ್ಳು ಹೇಳಿಲ್ಲ. ಕೂಸು ಒಂದು ಸಲ ಅತ್ತು ಸತ್ತಿತು, ನನಗೆ ಅನುಮಾನವಿಲ್ಲ. ಭೂಮಿ ಆ ಕ್ಷಣಕ್ಕೇ ಅವನದಾಯಿತು. ಆದರೂ ಯಾರನ್ನೋ ಗಿರಣಿಗೆ ಕಳಿಸಿ ಬೆಥಾಕ್‌ಳ ಮಗುವನ್ನು ತರಿಸಿದ. ಯಾಕೆ ತರಿಸಿದ?

ಡೂಗಲ್‌ಗೆ ಗಂಜಿ ತಿನ್ನಿಸುತ್ತಿದ್ದಾಗ ಹೊಳೆಯಿತು. ಅನ್ನಾಬೆಲ್ಲಾ ಮೂರು ದಿನ ಬದುಕಿದ್ದಳು. ಎಚ್ಚರವಾಗಿದ್ದಳು. ಕೂಸೆಲ್ಲಿ ಎಂದು ಕೇಳಿರಬೇಕು. ಕೇಳುತ್ತಲೇ ಇದ್ದಿರಬೇಕು. ಅವನು ಏನು ತಾನೆ ಹೇಳುತ್ತಾನೆ? ಒಂದು ಕೂಸನ್ನು ತಂದು ತೋಳಿಗಿಟ್ಟ. ಅವಳು ಅದನ್ನು ಅಪ್ಪಿಕೊಂಡೇ ಹೋದಳು. ಆಮೇಲೆ ಅದನ್ನು ಗಿರಣಿಗೆ ವಾಪಸು ಕಳಿಸಲು ಅವನಿಂದಾಗಲಿಲ್ಲ, ಬೆಥಾಕ್ ಏನು ಮಾಡಿದಳೋ, ದಾದಿಯಾಗಿ ಕೋಟೆಗೇ ಬಂದಳೋ. ಹದಿನೈದು ಮಂದಿಗೂ ಇದು ಗೊತ್ತಿತ್ತು. ಅತ್ತದ್ದನ್ನು ಕೇಳಿದೆವು ಎಂದರು. ಅದು ನಿಜವೇ. ಉಳಿದದ್ದನ್ನು ಯಾರೂ ಹೇಳಲಿಲ್ಲ.

ಇದಕ್ಕೆ ಸಾಕ್ಷಿ ಇಲ್ಲ. ಕೋರ್ಟಿನಲ್ಲಿ ಒಂದು ನಿಮಿಷ ನಿಲ್ಲುವುದಿಲ್ಲ. ಇಂಥದ್ದನ್ನು ನಾನು ಇಷ್ಟು ಖಚಿತವಾಗಿ ಬರೆಯುವವಳಲ್ಲ, ನಿದ್ದೆ ಕಡಿಮೆಯಾಗಿದೆ.

ಫೆಬ್ರವರಿ 19

ಮಧ್ಯಾಹ್ನ ಬಿಸಿಲಿತ್ತು. ಕಿಟಕಿಯ ಹತ್ತಿರ ಅವನನ್ನು ಕೂರಿಸಿದ್ದೆ. ರಸ್ತೆಯಲ್ಲಿ ಯಾರೋ ಹೆಂಗಸು ಕೂಸಿನ ಗಾಡಿ ತಳ್ಳಿಕೊಂಡು ಹೋದಳು. ಅವನು ಅವಳು ಮರೆಯಾಗುವ ತನಕ ನೋಡಿದ.

"ಗ್ರಿಜಿ, ನಮಗೆ ಮಕ್ಕಳಿದ್ವಾ?"

"ಒಬ್ಬಳಿದ್ಳು."

"ಎಲ್ಲಿದ್ದಾಳೆ?"

"ಹುಟ್ಟಿದ ದಿನಾನೇ ಹೋದ್ಳು, ಡೂಗಲ್."

ಅವನು ಎಡಗೈ ಚಾಚಿದ. ಅದನ್ನು ಹಿಡಿದುಕೊಂಡೆ.

"ಅತ್ತಳಾ?"

"ಅತ್ತಳು."

"ಯಾರು ಕೇಳಿಸ್ಕೊಂಡಿದ್ದು?"

"ನಾನು."

"ಹೇಗಿತ್ತು?"

"ಸಿಟ್ಟು ಬಂದ ಹಾಗಿತ್ತು. ಬೆಚ್ಚಗೆ ಮಲಗಿದ್ದವಳನ್ನ ಯಾಕೆ ಎಬ್ಬಿಸಿದ್ರಿ ಅನ್ನೋ ಹಾಗೆ. ಕಾರಿಡಾರ್ ತನಕ ಕೇಳಿಸ್ತು."

"ನಿನ್ನ ಹಾಗೇ ಅನ್ನು," ಅಂದ. ಸರಿಯಿದ್ದ ಅರ್ಧ ಬಾಯಲ್ಲಿ ನಕ್ಕ. ಆಮೇಲೆ ಕೇಳಿದ: "ಹೆಸರೇನು ಅವಳದ್ದು?"

ಅವಳಿಗೆ ಹೆಸರಿಲ್ಲ. ಸತ್ತು ಹುಟ್ಟಿದ್ದಕ್ಕೆ ಆಗ ಯಾರೂ ಹೆಸರಿಡುತ್ತಿರಲಿಲ್ಲ. ಅವನ ಕಾಲಿನ ಮೇಲಿನ ಕಂಬಳಿ ಸರಿಮಾಡಿದೆ.

"ಮೊದಲ ಹೆಣ್ಣು. ನಿಮ್ಮಮ್ಮನ ಹೆಸರೇ ಇಡಬೇಕು," ಅಂದ, ಇದೇನು ಕೇಳುವ ಮಾತೇ ಎನ್ನುವ ಹಾಗೆ.

"ನಮ್ಮಮ್ಮನ ಹೆಸರು ನೆನಪಿದ್ಯಾ ನಿನಗೆ?"

"ಇಲ್ಲ. ಆದ್ರೂ ಅದೇ ಇಡಬೇಕು."

"ಜೆಸ್ಸಿ," ಅಂದೆ.

"ಜೆಸ್ಸಿ ರೆನ್ನಿ," ಅಂದ. ಇನ್ನೊಂದು ಸಲ ಅಂದ. ಆಮೇಲೆ ನಿದ್ದೆ ಹೋದ. ನಾನು ಅಲ್ಲೇ ಬಹಳ ಹೊತ್ತು ಕೂತಿದ್ದೆ, ಆಲೂಗಡ್ಡೆ ತಳ ಹತ್ತಿತು.

ಫೆಬ್ರವರಿ 20

ಫಾರ್ಕರ್ ಬಂದ. ಫಲಕದ ಸಾಲು ಬರೆದ ಚೀಟಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದ, ತೆಗೆದು ಒರೆಸಿ ಮತ್ತೆ ಓದಿದ.

"ಅನ್ನಾಬೆಲ್ಲಾಳ ಮಗಳು. ಅಷ್ಟೇನಾ? ಅಡ್ಡಮಾತು ಒಂದೂ ಇಲ್ವಾ?"

"ಇಲ್ಲ."

"ಹಾಗಾದ್ರೆ ನಾನು ಗೆದ್ದೆ."

"ಗೆದ್ದೆ ಅಂದ್ಕೋ. ಬಿಸ್ಕತ್ತು ತಗೋ."

"ಯಾವ ಸಾಕ್ಷಿ ಸಿಕ್ತು ನಿನಗೆ? ಸಂಘದಲ್ಲಿ ಕೇಳಿದ್ರೆ ನಾನು ಏನಾದ್ರೂ ಹೇಳಬೇಕಲ್ಲ."

"ಹೊರಗೆ ನಿಂತಿದ್ರಲ್ಲ ಹದಿನೈದು ಜನ, ಅವ್ರೇ ಸಾಕ್ಷಿ. ಕೇಳಿದೆವು ಅಂದಿದ್ದಾರೆ. ಅಂಥ ಚಳೀಲಿ ಅಷ್ಟು ಹೊತ್ತು ನಿಂತವರ ಮಾತನ್ನ ನಂಬದೆ ಇರೋಕೆ ನನಗೆ ಕಾರಣ ಕಾಣಲಿಲ್ಲ."

ಫಾರ್ಕರ್ ನನ್ನನ್ನು ವಿಚಿತ್ರವಾಗಿ ನೋಡಿದ. ಜ್ವರ ಇದೆಯಾ ಎಂದು ಕೇಳುತ್ತಾನೇನೋ ಅಂದುಕೊಂಡೆ. ಅಷ್ಟರಲ್ಲಿ ಕಿಟಕಿಯ ಹತ್ತಿರದಿಂದ ಡೂಗಲ್ ಬಾಯಿ ಹಾಕಿದ.

"ನಮ್ಮ ಜೆಸ್ಸಿನೂ ಅತ್ತಳು, ಫಾರ್ಕರ್. ಗ್ರಿಜಿ ಕೇಳಿಸ್ಕೊಂಡ್ಳು."

1978ರಲ್ಲಿ ಆಸ್ಪತ್ರೆಯಿಂದ ನಮ್ಮನ್ನು ತನ್ನ ಕಾರಿನಲ್ಲಿ ಮನೆಗೆ ತಂದುಬಿಟ್ಟವನು ಫಾರ್ಕರ್. ನನಗೆ ಎಷ್ಟು ಹೊತ್ತು ಎಚ್ಚರವಿರಲಿಲ್ಲ ಎಂದು ಅವನಿಗೆ ಗೊತ್ತು. ಯಾರಿಗೆ ಏನು ಕೇಳಿಸಿತ್ತು ಎಂದೂ ಗೊತ್ತು, ಡೂಗಲ್ ಅವನಿಗೆ ಹೇಳದೆ ಇದ್ದಿರುವುದಿಲ್ಲ. ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟು ನನ್ನ ಕಡೆ ತಿರುಗಿದ. ಡೂಗಲ್ ಕೂಡ ನನ್ನನ್ನೇ ನೋಡುತ್ತಿದ್ದ, ನಾನು ಹೌದು ಎನ್ನಲಿ ಎಂದು ಕಾಯುತ್ತ.

"ಹೌದು," ಅಂದೆ. "ನಾನೇ ಕೇಳಿಸ್ಕೊಂಡೆ, ಫಾರ್ಕರ್. ಜೋರಾಗೇ ಅತ್ತಳು."